ಹದಿನಾಲ್ಕಕ್ಕೇ ಕಾಲೇಜಾ?

(1/7)

"ಅಕ್ಕ, ಅರ್ಲಿ ಕಾಲೇಜ್‌ಗೆ ಅಪ್ಲೈ ಮಾಡ್ಲಾ, ಬೇಡ್ವಾ?"

ಈ ತಿಂಗಳು ಡಿಎಂನಲ್ಲಿ ಈ ಪ್ರಶ್ನೆ ಹನ್ನೊಂದು ಸಲ ಬಂತು. ಅದರಲ್ಲಿ ಕನಿಷ್ಠ ನಾಲ್ಕು ನಿಮ್ಮ ಅಮ್ಮಂದಿರು ನಿಮ್ಮ ಅಕೌಂಟಿಂದ ಕಳಿಸಿದ್ದು ಅಂತ ನಂಗೊತ್ತು. ಎಂಟನೇ ಕ್ಲಾಸಿನ ಯಾವ ಹುಡುಗನೂ "ದಯವಿಟ್ಟು ಸೂಕ್ತ ಸಲಹೆ ನೀಡಿ" ಅಂತ ಟೈಪ್ ಮಾಡಲ್ಲ ಆಂಟಿ.

ಒಬ್ಬೊಬ್ಬರಿಗೂ ಉತ್ತರ ಕಳಿಸೋ ಬದಲು ಇಲ್ಲೇ ಬರೆದುಬಿಡ್ತೀನಿ. ಉದ್ದ ಇದೆ, ಏಳು ಪೋಸ್ಟ್. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಶಿವಮೊಗ್ಗದ ನನ್ನ ಹಳೇ ಕ್ಲಾಸ್‌ಮೇಟ್‌ಗಳಿಗೆ ಇದೇನು ಅಂತಲೇ ಗೊತ್ತಿರಲ್ಲ, ಅವರಿಗೆ ಮೊದಲು ಎರಡು ಮಾತು. ನಾನಿರೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ಪಕ್ಕದ ಕ್ಯಾರಿಯಲ್ಲಿ. ಇಲ್ಲಿ ಹೈಸ್ಕೂಲ್ ಅಂದ್ರೆ ಒಂಬತ್ತರಿಂದ ಹನ್ನೆರಡನೇ ತರಗತಿ. ಮಾಮೂಲಿ ಹೈಸ್ಕೂಲಲ್ಲಿ ಎರಡು ಸಾವಿರ ಮಕ್ಕಳು, ಫುಟ್‌ಬಾಲ್ ಟೀಮು, ಬ್ಯಾಂಡು, ಹಳದಿ ಬಸ್ಸು, ಸಿನಿಮಾದಲ್ಲಿ ನೋಡಿರ್ತೀರಲ್ಲ, ಅದೇ. ಅರ್ಲಿ ಕಾಲೇಜ್ ಹೈಸ್ಕೂಲ್ ಬೇರೆ ಥರ. ಅದೂ ಸರ್ಕಾರಿ ಶಾಲೆಯೇ. ಆದರೆ ಒಂದು ಕಮ್ಯುನಿಟಿ ಕಾಲೇಜಿನ ಅಥವಾ ಯೂನಿವರ್ಸಿಟಿಯ ಅಂಗಳದಲ್ಲೇ ಇರುತ್ತೆ, ಇಲ್ಲಾ ಅದಕ್ಕೆ ಜೋಡಿಸಿಕೊಂಡಿರುತ್ತೆ. ಒಂದು ತರಗತಿಗೆ ಹೆಚ್ಚೆಂದರೆ ನೂರು ಮಕ್ಕಳು. ಹೈಸ್ಕೂಲ್ ಓದುತ್ತಲೇ ಕಾಲೇಜಿನ ಕೋರ್ಸ್‌ಗಳನ್ನೂ ಮಾಡ್ತಾರೆ. ನಾಲ್ಕು ವರ್ಷ, ಕೆಲವು ಕಡೆ ಐದು ವರ್ಷ ಮುಗಿಯೋ ಹೊತ್ತಿಗೆ ಕೈಯಲ್ಲಿ ಹೈಸ್ಕೂಲ್ ಡಿಪ್ಲೊಮಾ ಜೊತೆಗೆ ಎರಡು ವರ್ಷದ ಕಾಲೇಜು ಕ್ರೆಡಿಟ್, ಎಷ್ಟೋ ಜನಕ್ಕೆ ಅಸೋಸಿಯೇಟ್ ಡಿಗ್ರಿಯೂ. ಟ್ಯೂಷನ್ ಫೀ ಇಲ್ಲ.

ನಾನು ಹದಿನಾಲ್ಕಕ್ಕೆ ಸೇರಿ ಹದಿನೆಂಟಕ್ಕೆ ಮುಗಿಸಿದೆ. ಈಗ ನನ್ನ ತಮ್ಮ ಎಂಟನೇ ಕ್ಲಾಸು. ನಮ್ಮನೆಯಲ್ಲಿ ಎರಡು ತಿಂಗಳಿಂದ ಊಟದ ಹೊತ್ತಿನ ವಿಷಯ ಇದೊಂದೇ.

(2/7)

ಈ ಫೋಟೋ ನಮ್ಮ ಅಜ್ಜಿಯದು, ತೀರ್ಥಹಳ್ಳಿ ಮನೆ ಜಗಲಿ ಮೇಲೆ. ತಮ್ಮನ ವಿಷಯ ಫೋನಲ್ಲಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಎಸ್ಸೆಲ್ಸಿ ಆದ್ಮೇಲೆ ಎಲ್ಲ ಮಕ್ಳೂ ಕಾಲೇಜಿಗೇ ಅಲ್ವೇನೆ ಹೋಗೋದು? ಅದಕ್ಕೆ ಇಷ್ಟು ಯೋಚ್ನೆ ಯಾಕೆ?"

ಅಜ್ಜಿ ಹೇಳಿದ್ದು ತಪ್ಪಲ್ಲ. ನಮ್ಮ ಕರ್ನಾಟಕದಲ್ಲಿ ಹದಿನಾರಕ್ಕೇ "ಕಾಲೇಜಿಗೆ ಹೋಗ್ತಿದಾನೆ" ಅಂತೀವಿ. ಯೂನಿಫಾರ್ಮ್ ಬಿಟ್ಟು, ಹೆಗಲಿಗೆ ಒಂದೇ ಪಟ್ಟಿ ಬ್ಯಾಗ್ ಹಾಕ್ಕೊಂಡು ಪಿಯುಸಿಗೆ ಹೋಗೋದೇ ದೊಡ್ಡವರಾದ ಹಾಗೆ. ಇಲ್ಲಿಯ ಎಷ್ಟೋ ಕನ್ನಡದ ಅಪ್ಪ-ಅಮ್ಮಂದಿರು ಅರ್ಲಿ ಕಾಲೇಜ್ ಅಂದಕೂಡ್ಲೆ ಮನಸ್ಸಲ್ಲೇ ಅದನ್ನ ಪಿಯುಸಿ ಖಾನೆಗೆ ಹಾಕಿಬಿಡ್ತಾರೆ. ತಾವೂ ಆ ವಯಸ್ಸಿಗೆ ಕಾಲೇಜಿಗೆ ಹೋದವರೇ, ಮಗಳಿಗೆ ಯಾಕೆ ಆಗಲ್ಲ ಅಂತ ಲೆಕ್ಕ.

ಆದರೆ ಪಿಯುಸಿ ಹೆಸರಿಗೆ ಮಾತ್ರ ಕಾಲೇಜು. ಅಲ್ಲಿ ಸಿಲಬಸ್ಸು, ಪರೀಕ್ಷೆ ಎಲ್ಲ ಬೋರ್ಡಿನದು, ಕ್ಲಾಸಲ್ಲಿ ಎಲ್ಲರೂ ಒಂದೇ ವಯಸ್ಸಿನವರು. ಮತ್ತೆ ಎಸ್ಸೆಲ್ಸಿ, ಸೆಕೆಂಡ್ ಪಿಯುಸಿ ಎರಡಕ್ಕೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ, ಮತ್ತೆ ಬರೆದು ಒಳ್ಳೇ ಅಂಕ ಉಳಿಸಿಕೊಳ್ಳಬಹುದು. ಒಂದು ಸಲ ಜಾರಿದ್ರೂ ಎದ್ದು ನಿಲ್ಲೋಕೆ ಜಾಗ ಇದೆ.

ಅರ್ಲಿ ಕಾಲೇಜಲ್ಲಿ ನೀವು ಮಾಡೋ ಕಾಲೇಜು ಕೋರ್ಸು ನಿಜವಾದ ಕಾಲೇಜು ಕೋರ್ಸು. ಅದರ ಗ್ರೇಡು ನಿಮ್ಮ ಹೆಸರಲ್ಲಿ ಆ ಕಾಲೇಜಿನ ದಾಖಲೆಗೆ ಹೋಗುತ್ತೆ. ಆ ದಾಖಲೆ ಜೀವನಪೂರ್ತಿ ಇರುತ್ತೆ. ಹದಿನೈದನೇ ವಯಸ್ಸಲ್ಲಿ ಜ್ವರ ಬಂದೋ, ಮನೆಯಲ್ಲಿ ಏನೋ ಆಗಿಯೋ ಒಂದು ಸೆಮಿಸ್ಟರ್ ಕೆಟ್ಟರೆ, ಇಪ್ಪತ್ತೆರಡಕ್ಕೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ ಅದನ್ನೂ ತೋರಿಸಲೇಬೇಕು. ಅಮೆರಿಕದ ಮೆಡಿಕಲ್ ಕಾಲೇಜುಗಳ ಅರ್ಜಿಯಲ್ಲಿ ಹೈಸ್ಕೂಲಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸುಗಳೂ ಲೆಕ್ಕಕ್ಕೆ ಬರುತ್ತವೆ, ಜಿಪಿಎಗೂ ಸೇರುತ್ತವೆ. "ಮಗ ಡಾಕ್ಟರ್ ಆಗ್ಬೇಕು, ಅದಕ್ಕೇ ಬೇಗ ಶುರು ಮಾಡ್ಲಿ" ಅನ್ನೋ ಮನೆಗಳಲ್ಲಿ ಇದನ್ನ ಯಾರೂ ಹೇಳಿಕೊಡಲ್ಲ. ಎ ಬರ್ತಾ ಹೋದ್ರೆ ಲಾಭವೇ, ನಿಜ. ಆದರೆ ನಿಮ್ಮ ಮಗುವಿನ ಡಾಕ್ಟರ್ ಅರ್ಜಿ ಒಂಬತ್ತನೇ ಕ್ಲಾಸಲ್ಲೇ ಶುರುವಾಗಿರುತ್ತೆ ಅನ್ನೋದು ತಿಳಿದಿರಬೇಕು.

ಎಪಿ ಪರೀಕ್ಷೆ ಹಾಗಲ್ಲ. ಅಂಕ ಕಡಿಮೆ ಬಂದ್ರೆ ಕಳಿಸದೆ ಸುಮ್ಮನಿದ್ದರಾಯ್ತು.

(3/7)

ಮೂರನೇ ಫೋಟೋದಲ್ಲಿ ಲೈಬ್ರರಿ ಮೆಟ್ಟಿಲ ಮೇಲೆ ಇಡ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ಕೂತಿರೋದು ನಾನೇ. ಹನ್ನೊಂದನೇ ತರಗತಿ.

ಮೊದಲ ಎರಡು ವರ್ಷ ಬೆಚ್ಚಗಿರುತ್ತೆ. ಹೆಚ್ಚಿನ ಪಾಠ ಹೈಸ್ಕೂಲ್ ಟೀಚರ್‌ಗಳದ್ದೇ, ಕ್ಲಾಸಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳು, ಟೀಚರ್‌ಗೆ ನಿಮ್ಮ ನಾಯಿ ಹೆಸರೂ ಗೊತ್ತಿರುತ್ತೆ. ಕಾಲೇಜು ಕೋರ್ಸು ಒಂದೋ ಎರಡೋ. ಮೂರನೇ ವರ್ಷದಿಂದ ಚಿತ್ರವೇ ಬೇರೆ. ನನ್ನ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ಎಡಗಡೆ ಕೂತವರು ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆ ಡ್ರೆಸ್ಸಲ್ಲೇ ಬರ್ತಿದ್ದ ಒಬ್ಬ ಆಂಟಿ, ಬಲಗಡೆ ಸೈನ್ಯದಿಂದ ರಿಟೈರ್ ಆದ ಒಬ್ಬರು. ಪ್ರೊಫೆಸರ್‌ಗೆ ನನ್ನ ವಯಸ್ಸು ಗೊತ್ತಿರಲಿಲ್ಲ, ಗೊತ್ತಾಗೋ ಅಗತ್ಯವೂ ಇರಲಿಲ್ಲ. ಮೊದಲ ದಿನ ಸಿಲಬಸ್ ಕೊಟ್ಟರು. ಡಿಸೆಂಬರ್ ತನಕದ ಎಲ್ಲ ತಾರೀಖೂ ಅದರಲ್ಲೇ. ಆಮೇಲೆ ಯಾರೂ ನೆನಪಿಸಲಿಲ್ಲ.

ಇಲ್ಲಿ ನಾನು ಕಂಡ ಒಂದು ವಿಷಯ ಹೇಳ್ತೀನಿ. ನಮ್ಮ ಬ್ಯಾಚಲ್ಲಿ ಒದ್ದಾಡಿದವರು ಲೆಕ್ಕದಲ್ಲಿ ಹಿಂದಿದ್ದವರಲ್ಲ. ಅವತ್ತಿನ ತನಕ ಯಾರನ್ನೂ ಏನೂ ಕೇಳದೆಯೇ ಎಲ್ಲ ನಡೆದುಬಿಟ್ಟಿದ್ದ ಮಕ್ಕಳು. ಅವರ ಮನೆಯಲ್ಲಿ ಅಮ್ಮನೇ ಕ್ಯಾಲೆಂಡರ್, ಅಮ್ಮನೇ ಅಲಾರಂ. ಪ್ರಾಜೆಕ್ಟ್ ಯಾವತ್ತು ಅಂತ ಮಗನಿಗಿಂತ ಮೊದಲು ಅಮ್ಮನಿಗೆ ಗೊತ್ತು. ಕಾಲೇಜು ಪ್ರೊಫೆಸರ್ ಅಮ್ಮನಿಗೆ ಫೋನ್ ಮಾಡಲ್ಲ. ಪೇರೆಂಟ್ ಮೀಟಿಂಗ್ ಇಲ್ಲ. ಏನೂ ಅರ್ಥ ಆಗ್ತಿಲ್ಲ ಅಂದ್ರೆ ಆಫೀಸ್ ಅವರ್ಸ್‌ನಲ್ಲಿ ನೀವೇ ಹೋಗಿ ಬಾಗಿಲು ತಟ್ಟಬೇಕು, ನಂಗೆ ಅರ್ಥ ಆಗ್ಲಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಹದಿನಾರರಲ್ಲಿ ಅದು ಕ್ಯಾಲ್ಕುಲಸ್‌ಗಿಂತ ಕಷ್ಟ ಕಣ್ರೋ.

ನಮ್ಮ ಬ್ಯಾಚಿನ ಒಬ್ಬ ಹುಡುಗ ಕೆಮಿಸ್ಟ್ರಿಯಲ್ಲಿ ನಾಲ್ಕು ವಾರ ಸುಮ್ಮನೆ ಹಿಂದಿನ ಬೆಂಚಲ್ಲಿ ಕೂತ. ಯಾರಿಗೂ ಹೇಳಲಿಲ್ಲ. ಕೊನೆಗೆ ಕೋರ್ಸ್ ಬಿಟ್ಟ. ದಾಖಲೆಯಲ್ಲಿ ಗ್ರೇಡಿನ ಜಾಗದಲ್ಲಿ ಡಬ್ಲ್ಯೂ ಅಂತ ಬಂತು, ಅಂದ್ರೆ ಅರ್ಧಕ್ಕೆ ಬಿಟ್ಟವನು ಅಂತ. ಎಂಟನೇ ಕ್ಲಾಸಲ್ಲಿ ಗಣಿತದ ಸ್ಪರ್ಧೆಗಳಲ್ಲಿ ಗೆದ್ದವನು ಅವನು.

ನೀವು ಎಂಟನೇ ಕ್ಲಾಸಾದ್ರೆ ಒಂದು ಕೆಲಸ ಮಾಡಿ. ಎರಡು ವಾರ ಮನೆಯಲ್ಲಿ ಯಾರೂ ಹೋಮ್‌ವರ್ಕ್ ಬಗ್ಗೆ ಒಂದೂ ಪ್ರಶ್ನೆ ಕೇಳಬಾರದು ಅಂತ ಒಪ್ಪಂದ ಮಾಡ್ಕೊಳ್ಳಿ. ಆ ಎರಡು ವಾರದಲ್ಲಿ ಏನಾಗುತ್ತೆ ನೋಡಿ. ಯಾವ ಎಂಟ್ರೆನ್ಸ್‌ಗಿಂತ ಇದು ಚೆನ್ನಾಗಿ ಹೇಳುತ್ತೆ. (ಅಮ್ಮಂದಿರಿಗೇ ಈ ಎರಡು ವಾರ ಜಾಸ್ತಿ ಕಷ್ಟ ಆಗುತ್ತೆ ಅನ್ನೋದು ಬೇರೆ ಮಾತು.)

(4/7)

ಈ ಶಾಲೆಗಳು ಹುಟ್ಟಿದ್ದು ಯಾರಿಗೋಸ್ಕರ ಅಂತ ನಮ್ಮ ಜನ ಕೇಳೋದೇ ಇಲ್ಲ. ಕೇಳಬೇಕು.

ಹೈಸ್ಕೂಲ್ ಪೂರ್ತಿ ಮುಗಿಸೋ ಮೊದಲೇ ಕಾಲೇಜು ಶುರು ಮಾಡೋ ಯೋಚನೆ ಹಳೆಯದು. ಮಸಾಚುಸೆಟ್ಸ್‌ನ ಸೈಮನ್ಸ್ ರಾಕ್ ಕಾಲೇಜು 1966ರಲ್ಲೇ ಅದಕ್ಕಾಗಿಯೇ ಶುರುವಾಗಿತ್ತು. 1974ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾ ಕಮ್ಯುನಿಟಿ ಕಾಲೇಜಿನ ಅಂಗಳದಲ್ಲಿ ಒಂದು ಹೈಸ್ಕೂಲ್ ತೆರೆದರು, ಓದು ಬಿಟ್ಟುಬಿಡೋ ಅಂಚಲ್ಲಿದ್ದ ಮಕ್ಕಳಿಗೆ. 2002ರ ಹೊತ್ತಿಗೆ ಗೇಟ್ಸ್ ಫೌಂಡೇಶನ್ ಹಣದಿಂದ ದೇಶದ ತುಂಬ ಅರ್ಲಿ ಕಾಲೇಜುಗಳು ಬಂದವು, ಗುರಿ ಬಡ ಮಕ್ಕಳು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತೋರು. ನಾರ್ತ್ ಕೆರೊಲಿನಾದ ಕಾನೂನಲ್ಲೇ ಯಾರಿಗೆ ಅಂತ ಬರೆದಿದೆ: ಶಾಲೆ ಬಿಡೋ ಅಪಾಯದಲ್ಲಿರೋರು, ಅಪ್ಪ-ಅಮ್ಮ ಹೈಸ್ಕೂಲಿಗಿಂತ ಮುಂದೆ ಓದದೇ ಇರೋರು, ಆಮೇಲೆ ವೇಗವಾಗಿ ಕಲಿಸಿದರೆ ಪ್ರಯೋಜನ ಆಗೋರು. ನಮ್ಮ ಅಪ್ಪ ಅಮ್ಮ ಇಬ್ಬರೂ ಎಂಜಿನಿಯರ್. ನಾವು ಒಳಗೆ ಹೋಗೋದು ಆ ಕೊನೇ ಬಾಗಿಲಿಂದ.

2013ರಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ ಅನ್ನೋ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳನ್ನೂ, ಅದೇ ಲಾಟರಿಯಲ್ಲಿ ಸಿಗದೇ ಹೋದ ಮಕ್ಕಳನ್ನೂ ಹೋಲಿಸಿದ್ರು. ಎರಡೂ ಗುಂಪಿನವರು ಅರ್ಜಿ ಹಾಕಿದವರೇ, ಹಾಗಾಗಿ ಹೋಲಿಕೆ ನ್ಯಾಯವಾಗಿದೆ. ಹೈಸ್ಕೂಲ್ ಮುಗಿಸಿದವರು ನೂರಕ್ಕೆ 86, ಆ ಕಡೆ 81. ಅಧ್ಯಯನದ ಹೊತ್ತಿಗೆ ಕಾಲೇಜಿನ ಒಂದು ಡಿಗ್ರಿ ಕೈಗೆ ಬಂದಿದ್ದವರು ನೂರಕ್ಕೆ 22, ಆ ಕಡೆ ಬರೀ 2. ದೊಡ್ಡ ವ್ಯತ್ಯಾಸ. ಆದರೆ ಹೇಗಿದ್ರೂ ಕಾಲೇಜಿಗೆ ಹೋಗೇ ಹೋಗ್ತಾನೆ ಅನ್ನೋ ಮನೆಯ ಹುಡುಗನಿಗೆ ಈ ಅಂಕಿ ಹೇಳೋದು ಕಡಿಮೆ.

ನನ್ನ ಹತ್ತಿರದ ಗೆಳತಿಯ ಅಮ್ಮ ಹೋಟೆಲಲ್ಲಿ ರೂಮ್ ಕ್ಲೀನ್ ಮಾಡ್ತಾರೆ. ಅವಳ ಮನೆಯಲ್ಲಿ ಕಾಲೇಜು ಅಂದ್ರೆ ಸಾಲ ಅಂತಲೇ ಅರ್ಥ ಇತ್ತು. ಅವಳು ಮೇ ತಿಂಗಳಲ್ಲಿ ಕಾಲೇಜಿನ ಗೌನ್ ಹಾಕಿ ಅಸೋಸಿಯೇಟ್ ಡಿಗ್ರಿ ತಗೊಂಡು, ಮೂರು ವಾರಕ್ಕೆ ಇನ್ನೊಂದು ಬಣ್ಣದ ಗೌನ್ ಹಾಕಿ ಹೈಸ್ಕೂಲ್ ಡಿಪ್ಲೊಮಾ ತಗೊಂಡಳು. ಎರಡೂ ದಿನ ಅವಳಮ್ಮ ಕೆಲಸದ ಡ್ರೆಸ್ಸಲ್ಲೇ ಓಡಿ ಬಂದಿದ್ರು. ನಾಲ್ಕನೇ ಫೋಟೋ ಅದು, ಅವಳನ್ನ ಕೇಳಿಯೇ ಹಾಕಿದ್ದೀನಿ, ಮುಖ ಬೇಡ ಅಂದ್ಲು, ಅದಕ್ಕೇ ಬರೀ ಟೋಪಿಗಳು.

ಹಾಗಂತ ನಮ್ಮಂಥೋರು ಅರ್ಜಿ ಹಾಕಲೇಬಾರದು ಅಂತ ಹೇಳ್ತಿಲ್ಲ, ನಾನೇ ಓದಿ ಬಂದಿದ್ದೀನಲ್ಲ. ಆದರೆ ಬರೀ "ಪಕ್ಕದ್ಮನೆಯವರ ಮಗಳು ಸೇರಿದಾಳೆ" ಅಂತ ಹಾಕೋ ಅರ್ಜಿ ನನಗೆ ಇಷ್ಟ ಆಗಲ್ಲ. ನೂರು ಸೀಟು ಅಂದ್ರೆ ನೂರೇ.

(5/7)

ಈಗ ಎಲ್ಲ ಅಪ್ಪಂದಿರ ಪ್ರೀತಿಯ ವಾಕ್ಯ: "ಎರಡು ವರ್ಷ ಉಳಿಯುತ್ತೆ."

ಉಳಿಯುತ್ತೆ, ಸರಿಯಾಗಿ ಜೋಡಿಸಿಕೊಂಡ್ರೆ. ನಾರ್ತ್ ಕೆರೊಲಿನಾದ ಕಮ್ಯುನಿಟಿ ಕಾಲೇಜುಗಳಿಗೂ ಸರ್ಕಾರಿ ಯೂನಿವರ್ಸಿಟಿಗಳಿಗೂ ನಡುವೆ ಒಪ್ಪಂದ ಇದೆ. ಅಸೋಸಿಯೇಟ್ ಡಿಗ್ರಿ ಪೂರ್ತಿ ಮುಗಿಸಿ, ಕೋರ್ಸುಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲೆ ಇದ್ರೆ, ಆ ಸುಮಾರು ಅರವತ್ತು ಕ್ರೆಡಿಟ್ ಒಟ್ಟಿಗೆ ದಾಟುತ್ತೆ. ರಾಜ್ಯ ಬಿಟ್ಟು ಹೊರಗೆ ಹೋದ್ರೆ, ಇಲ್ಲಾ ಎಷ್ಟೋ ಪ್ರೈವೇಟ್ ಯೂನಿವರ್ಸಿಟಿಗಳಿಗೆ ಹೋದ್ರೆ ಈ ಭರವಸೆ ಇಲ್ಲ. ಹೈಸ್ಕೂಲ್ ಡಿಪ್ಲೊಮಾಗೆ ಒಂದು ಸಲ ಲೆಕ್ಕಕ್ಕೆ ತಗೊಂಡ ಕೋರ್ಸನ್ನ ಮತ್ತೆ ನಮ್ಮ ಡಿಗ್ರಿಗೆ ಕೊಡಲ್ಲ ಅನ್ನೋ ಪ್ರೈವೇಟ್ ಯೂನಿವರ್ಸಿಟಿಗಳು ಬೇಕಾದಷ್ಟಿವೆ. ಅರವತ್ತು ಕ್ರೆಡಿಟ್ ಹಿಡ್ಕೊಂಡು ಹೋಗಿ ಮೊದಲ ವರ್ಷದಿಂದಲೇ ಶುರು ಮಾಡಿದ ಸೀನಿಯರ್ ನಂಗೆ ಗೊತ್ತು. ಟೆಕ್ಸಸ್‌ನಲ್ಲಿರೋ ಕಸಿನ್‌ಗಳೇ, ನಿಮ್ಮಲ್ಲೂ ಅರ್ಲಿ ಕಾಲೇಜು ತುಂಬ ಇವೆ, ನಿಮ್ಮ ರಾಜ್ಯದ ನಿಯಮ ನೀವೇ ಕೇಳ್ಕೊಳ್ಳಿ, ನನ್ನದು ಬರೀ ಇಲ್ಲಿನ ಕಥೆ.

ಎಂಜಿನಿಯರಿಂಗ್ ಬೇಕು ಅನ್ನೋರಿಗೆ ಇನ್ನೊಂದು ತೊಡಕು. ಅಲ್ಲಿ ಕೋರ್ಸುಗಳು ರೈಲು ಡಬ್ಬಿ ಥರ. ಕ್ಯಾಲ್ಕುಲಸ್ ಒಂದು ಆಗದೆ ಎರಡು ಇಲ್ಲ, ಎರಡು ಆಗದೆ ಮೂರು ಇಲ್ಲ, ಫಿಸಿಕ್ಸ್ ಆಗದೆ ಮುಂದಿನ ಯಾವುದೂ ಇಲ್ಲ. ಇತಿಹಾಸ, ಇಂಗ್ಲಿಷ್, ಸೈಕಾಲಜಿಯಲ್ಲಿ ಅರವತ್ತು ಕ್ರೆಡಿಟ್ ತಂದರೆ ಆ ರೈಲು ಬೇಗ ಹೊರಡಲ್ಲ. ಎರಡರ ಜಾಗದಲ್ಲಿ ಒಂದು ವರ್ಷ ಉಳಿಯಬಹುದು, ಒಂದು ಸೆಮಿಸ್ಟರ್ ಉಳಿಯಬಹುದು. ನಾನು ಬಯಾಲಜಿ. ಸೇರುವಾಗಲೇ ಜೂನಿಯರ್, ಅಂದ್ರೆ ಮೂರನೇ ವರ್ಷದ ಲೆಕ್ಕ. ಆದರೆ ರೂಮ್‌ಮೇಟ್‌ಗಳೆಲ್ಲ ಮೊದಲ ವರ್ಷದವರು. ಅವರು "ಯಾವ ಮೇಜರ್ ತಗೊಳ್ಳೋದು" ಅಂತ ಆರಾಮಾಗಿ ಹುಡುಕ್ತಿದ್ದಾಗ ನನಗೆ ಹುಡುಕೋಕೆ ಟೈಮ್ ಇರಲಿಲ್ಲ. ಆ ಹುಡುಕಾಟ ಹದಿನಾರಕ್ಕೇ ಮುಗಿದಿರಬೇಕಿತ್ತು.

(6/7)

ಇದನ್ನ ಬರೆಯಲೋ ಬೇಡವೋ ಅಂತ ಅಪ್ಪನನ್ನ ಕೇಳಿದೆ. "ಬರಿ, ಎಷ್ಟೋ ಮನೆಯಲ್ಲಿ ಇದೇ ಇರೋದು" ಅಂದ್ರು.

ನಾನೂ ತಮ್ಮನೂ ಹುಟ್ಟಿದ್ದು ಶಿವಮೊಗ್ಗದಲ್ಲಿ. ಅಪ್ಪನದು ಎಚ್-1ಬಿ ವೀಸಾ, ನಮ್ಮದು ಎಚ್-4. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಅಂತ ಇಲ್ಲಿರೋ ನಿಮಗೆ ಹೇಳಬೇಕಿಲ್ಲ. ಎಚ್-4 ಮಕ್ಕಳಿಗೆ ಇಪ್ಪತ್ತೊಂದು ತುಂಬಿದ ದಿನ ಅಪ್ಪನ ವೀಸಾದ ನೆರಳು ಮುಗಿಯುತ್ತೆ. ಆಮೇಲೆ ಸ್ವಂತ ವೀಸಾ ಬೇಕು, ಇಲ್ಲಾ ಹೊರಡಬೇಕು. ಸಾಮಾನ್ಯವಾಗಿ ಎಫ್-1, ಅಂದ್ರೆ ವಿದೇಶಿ ವಿದ್ಯಾರ್ಥಿ. ಇಲ್ಲೇ ಬೆಳೆದು, ಇಲ್ಲಿನ ಶಾಲೆಯಲ್ಲೇ ಓದಿ, ಒಂದು ಬೆಳಿಗ್ಗೆ ವಿದೇಶಿ ವಿದ್ಯಾರ್ಥಿ. ಸರ್ಕಾರಿ ಯೂನಿವರ್ಸಿಟಿಯಲ್ಲಿ ಈಗ ನಾನು ಕಟ್ಟೋದು ರಾಜ್ಯದವರ ಫೀ. ಎಫ್-1 ಆದ್ರೆ ಹೊರಗಿನವರ ಫೀ, ಹಲವು ಪಟ್ಟು ಹೆಚ್ಚು.

ಹಾಗಾಗಿ ನಮ್ಮಪ್ಪ "ಎರಡು ವರ್ಷ" ಅಂದಾಗ ಅದರಲ್ಲಿ ಜಂಬ ಇಲ್ಲ, ಭಯ ಇದೆ. ಅವರ ಎಕ್ಸೆಲ್ ಶೀಟಲ್ಲಿ ನಮ್ಮಿಬ್ಬರ ಇಪ್ಪತ್ತೊಂದನೇ ಹುಟ್ಟುಹಬ್ಬ ಕೆಂಪು ಬಣ್ಣದಲ್ಲಿದೆ. ನನ್ನ ಡಿಗ್ರಿ ಆ ಕೆಂಪು ಗೆರೆಗಿಂತ ಐದು ತಿಂಗಳು ಮೊದಲು ಮುಗಿಯುತ್ತೆ. ಅರ್ಲಿ ಕಾಲೇಜಿಗೆ ಹೋಗದೇ ಇದ್ದಿದ್ರೆ ಮುಗೀತಿರಲಿಲ್ಲ. ನನ್ನ ಮಟ್ಟಿಗೆ ಆ ನಿರ್ಧಾರ ಸರಿಯಾಗಿತ್ತು, ಇದನ್ನ ಸುತ್ತು ಬಳಸದೆ ಹೇಳ್ತೀನಿ.

ಆದರೆ ಡಿಗ್ರಿ ಬೇಗ ಮುಗಿದ್ರೆ ವೀಸಾ ತಲೆನೋವೂ ಮುಗೀತು ಅಂದ್ಕೊಂಡಿರೋರು ಸ್ವಲ್ಪ ನಿಲ್ಲಿ. ಓದು ಮುಗಿದ ಮೇಲೆ ಒಂದಷ್ಟು ಕಾಲ ಕೆಲಸ ಮಾಡೋಕೆ ಬಿಡೋ ಒಪಿಟಿ ಸಿಗೋದು ಎಫ್-1 ವಿದ್ಯಾರ್ಥಿಗಳಿಗೆ ಮಾತ್ರ. ಎಚ್-4ನಲ್ಲಿ ಇಪ್ಪತ್ತಕ್ಕೆ ಪದವಿ ಮುಗಿಸಿದ ಮಗುವಿಗೆ ಡಿಗ್ರಿ ಇರುತ್ತೆ, ಕೆಲಸ ಮಾಡೋ ಪರ್ಮಿಟ್ ಇರಲ್ಲ. ಓದುವಾಗ ಸಂಬಳದ ಇಂಟರ್ನ್‌ಶಿಪ್ ಕೂಡ ಇಲ್ಲ. ಮುಂದೆ ನಾನೂ ಮಾಸ್ಟರ್ಸ್‌ಗೆ ಎಫ್-1 ಮಾಡ್ಕೊಂಡೇ ಹೋಗಬೇಕು. ನಮಗೆ ಉಳಿದಿದ್ದು ಫೀ. ವೀಸಾ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಇದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಹದಿಮೂರು ವರ್ಷದ ಹುಡುಗನ ತಲೆ ಮೇಲೆ ಇಡಬೇಡಿ.

(7/7)

ಈಗ ನನ್ನ ತಮ್ಮ.

ಅವನು ಟ್ರಾಂಬೋನ್ ನುಡಿಸ್ತಾನೆ. ಚೆನ್ನಾಗಿಯೇನೂ ಅಲ್ಲ, ಆದರೆ ಬಿಡದೆ. ನಮ್ಮ ಏರಿಯಾದ ಮಾಮೂಲಿ ಹೈಸ್ಕೂಲಲ್ಲಿ ಮಾರ್ಚಿಂಗ್ ಬ್ಯಾಂಡ್ ಇದೆ, ಆಗಸ್ಟ್ ಬಿಸಿಲಲ್ಲಿ ಪಾರ್ಕಿಂಗ್ ಲಾಟಲ್ಲಿ ಅಭ್ಯಾಸ ಮಾಡೋದನ್ನ ಅವನು ಬೇಲಿ ಹಿಡ್ಕೊಂಡು ನೋಡ್ತಾ ನಿಲ್ತಾನೆ. ನಾನು ಓದಿದ ಅರ್ಲಿ ಕಾಲೇಜಲ್ಲಿ ಬ್ಯಾಂಡ್ ಇಲ್ಲ, ಆಟದ ಟೀಮ್ ಇಲ್ಲ. ನನಗೆ ಅದು ಕೊರತೆ ಅನಿಸಲೇ ಇಲ್ಲ, ನಾನು ಬ್ಯಾಂಡ್ ಕೇಳಿದ್ರೆ ಕಿವಿ ಮುಚ್ಕೊಳ್ಳೋಳು. ಒಂದೇ ಮನೆ, ಒಂದೇ ಸಾರು ಉಂಡ ಇಬ್ಬರು ಮಕ್ಕಳು. ಆದರೂ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಲ್ಲ.

ಊಟದ ಟೇಬಲ್‌ನಲ್ಲಿ ಅಪ್ಪ "ಎರಡು ವರ್ಷ ಉಳಿಯುತ್ತೆ ಕಣೋ" ಅಂತ ಹತ್ತನೇ ಸಲ ಹೇಳಿದಾಗ ಅವನು ಚಪಾತಿ ಹರಿಯುತ್ತಾ ಕೇಳಿದ: "ಆ ಎರಡು ವರ್ಷ ಯಾರದಪ್ಪಾ?" ಅಮ್ಮ ಎದ್ದು ಮೊಸರು ತರೋಕೆ ಹೋದ್ರು. ಮೊಸರು ಟೇಬಲ್ ಮೇಲೇ ಇತ್ತು.

ಒಳಗೋ ಹೊರಗೋ ಅನ್ನೋ ಎರಡೇ ಬಾಗಿಲು ಇದೆ ಅಂತ ತುಂಬ ಮನೆಯಲ್ಲಿ ಅಂದ್ಕೊಂಡಿದ್ದಾರೆ. ನಮ್ಮ ರಾಜ್ಯದಲ್ಲಿ ಕೆರಿಯರ್ ಅಂಡ್ ಕಾಲೇಜ್ ಪ್ರಾಮಿಸ್ ಅಂತ ಒಂದು ಕಾರ್ಯಕ್ರಮ ಇದೆ. ಮಾಮೂಲಿ ಹೈಸ್ಕೂಲಲ್ಲೇ ಇದ್ದು, ಹನ್ನೊಂದು-ಹನ್ನೆರಡನೇ ತರಗತಿಯಲ್ಲಿ ಕಮ್ಯುನಿಟಿ ಕಾಲೇಜಿನ ಕೋರ್ಸುಗಳನ್ನ ಟ್ಯೂಷನ್ ಫೀ ಇಲ್ಲದೆ ಮಾಡಬಹುದು. ಅರವತ್ತು ಕ್ರೆಡಿಟ್ ಆಗಲ್ಲ, ಒಂದಿಷ್ಟು ಆಗುತ್ತೆ. ಗ್ರೇಡು ಅಲ್ಲೂ ಕಾಯಂ, ಆದರೆ ಶುರು ಮಾಡುವಾಗ ಹದಿನಾರು ಆಗಿರುತ್ತೆ. ಸ್ಕೂಲ್ ಕೌನ್ಸೆಲರ್‌ನ ಕೇಳಿದ್ರೆ ಹೇಳ್ತಾರೆ, ಕೇಳದಿದ್ರೆ ಯಾರೂ ಹೇಳಲ್ಲ.

ಅರ್ಲಿ ಕಾಲೇಜ್ ಓಪನ್ ಹೌಸ್‌ಗೆ ಹೋಗೋರಿದ್ರೆ, ಎಷ್ಟು ಜನಕ್ಕೆ ಡಿಗ್ರಿ ಬಂತು ಅಂತ ಮಾತ್ರ ಕೇಳ್ಕೊಂಡು ಬರಬೇಡಿ. ಒಂಬತ್ತಕ್ಕೆ ಸೇರಿದವರಲ್ಲಿ ಎಷ್ಟು ಮಕ್ಕಳು ಮಧ್ಯದಲ್ಲಿ ಹಳೇ ಶಾಲೆಗೆ ವಾಪಸ್ ಹೋದ್ರು, ಕಾಲೇಜು ಕೋರ್ಸಲ್ಲಿ ಎಡವಿದ್ರೆ ಮೊದಲು ಯಾರು ಗಮನಿಸ್ತಾರೆ, ಸಂಜೆ ಕ್ಲಾಸ್ ಇದ್ದ ದಿನ ಬಸ್ ಇದೆಯಾ, ಇದನ್ನೆಲ್ಲ ಕೇಳಿ. ಅಲ್ಲೇ ಕಾರಿಡಾರಲ್ಲಿ ನಿಂತಿರೋ ಹನ್ನೊಂದನೇ ತರಗತಿಯ ಯಾರನ್ನಾದ್ರೂ ಪಕ್ಕಕ್ಕೆ ಕರೆದು ನಿದ್ದೆ ಎಷ್ಟು ಗಂಟೆ ಅಂತಲೂ ಕೇಳಿ. ಮತ್ತೆ ಅಪ್ಲಿಕೇಶನ್ನಿನ ಪ್ರಬಂಧ ಮಗುವೇ ಬರೀಲಿ. ಅದನ್ನೂ ಅಮ್ಮನೇ ಬರೆಯಬೇಕು ಅನ್ನೋ ಹಾಗಿದ್ರೆ ಉತ್ತರ ಅಲ್ಲೇ ಸಿಕ್ಕಿತು.

ನನ್ನ ತಮ್ಮ ಪ್ರಬಂಧ ಬರೆಯೋಕೆ ಕೂತ. ನಾನು ಯಾಕೆ ಈ ಶಾಲೆಗೆ ಸೇರಬೇಕು ಅನ್ನೋದು ಪ್ರಶ್ನೆ. ಮೂರು ದಿನ ಕೂತು ಒಂದೂವರೆ ಸಾಲು ಬರೆದ, ಅದೂ ನನ್ನ ಬಗ್ಗೆ. ಬೇಡ ಅಂತ ನಾನೇ ಮೊದಲು ಹೇಳಿದೆ. ಅಪ್ಪ ಎರಡು ದಿನ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ. ಅವರ ಭಯ ಸುಳ್ಳಲ್ಲ. ಇವನಿಗೆ ಕಾಲೇಜಿನ ಮೂರನೇ ವರ್ಷದ ಮಧ್ಯದಲ್ಲೇ ಇಪ್ಪತ್ತೊಂದು ತುಂಬುತ್ತೆ, ಅಲ್ಲಿಂದ ಮುಂದೆ ಹೊರಗಿನವರ ಫೀ, ನಮ್ಮಂಥ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ಆಮೇಲೆ ಒಂದು ರಾತ್ರಿ ಎಕ್ಸೆಲ್ ಶೀಟಲ್ಲಿ ಅವನ ಹೆಸರಿನ ಮುಂದೆ ಹೊಸ ಕಾಲಂ ಬಂದಿತ್ತು, ಈ ವರ್ಷದಿಂದ ತಿಂಗಳಿಗೆ ಇಷ್ಟು ಎತ್ತಿಡೋದು ಅಂತ. ಅರ್ಜಿಯ ಕೊನೇ ದಿನಾಂಕ ಹೋದ ಶುಕ್ರವಾರ ದಾಟಿತು. ನಾವು ಹಾಕಲಿಲ್ಲ.

ಶನಿವಾರ ಅಪ್ಪ ಮ್ಯೂಸಿಕ್ ಅಂಗಡಿಗೆ ಹೋಗಿ ಟ್ರಾಂಬೋನ್ ಬಾಡಿಗೆಯನ್ನ ಇನ್ನೊಂದು ವರ್ಷಕ್ಕೆ ಮುಂದುವರೆಸಿ ಬಂದ್ರು. ಒಂದು ಮಾತೂ ಆಡದೆ ರಸೀದಿನ ಫ್ರಿಜ್ ಮೇಲೆ ಅಂಟಿಸಿದ್ರು. ಏಳನೇ ಫೋಟೋ ಅದೇ.